ಕೆಸ್ಟ್ರೆಲ್ 5700 ಎಲೀಟ್: ಎರಡು ವರ್ಷ ಬಳಸಿದ ಮೇಲೆ

ಕೆಸ್ಟ್ರೆಲ್ ಅಂದರೆ ಗಾಳಿ, ಉಷ್ಣಾಂಶ, ಒತ್ತಡ ಅಳೆದು, ದೂರದ ಗುರಿಗೆ ರೈಫಲ್ ಹೊಡೆಯುವ ಲೆಕ್ಕ ಹಾಕಿಕೊಡುವ ಕೈಯಂತ್ರ. ಇದು ಒಳ್ಳೆಯ ಯಂತ್ರ. ಕೊಟ್ಟ ದುಡ್ಡಿಗೆ ಮೋಸ ಇಲ್ಲ. ಆದರೆ ದೂರದ ಗುರಿಗೆ ಲೆಕ್ಕ ಕೂಡಿ ಬರುತ್ತಿಲ್ಲ ಅಂತ ಇದನ್ನು ಕೊಳ್ಳಲು ಹೊರಟಿದ್ದರೆ ಒಂದು ನಿಮಿಷ ನಿಲ್ಲಿ. ನಾನೂ ಅದೇ ಕಾರಣಕ್ಕೆ ಹೊರಟವನು. ನನ್ನ ಲೆಕ್ಕ ತಪ್ಪಿದ್ದು ಬೇರೆ ಕಡೆ. ಆ ತಪ್ಪು ಹಿಡಿಯಲು ಹತ್ತಿರ ಹತ್ತಿರ ಒಂದು ವರ್ಷ ಬೇಕಾಯಿತು, ನಾನೂರು ತೋಟೆ ಖರ್ಚಾಯಿತು.

ನನ್ನ ಊರು ಮಡಿಕೇರಿ ತಾಲ್ಲೂಕಿನ ಒಂದು ಹಳ್ಳಿ. ಈಗ ಹದಿನಾಲ್ಕು ವರ್ಷದಿಂದ ಅಮೆರಿಕದ ಡೆನ್ವರ್‌ನಲ್ಲಿ ಇದ್ದೇನೆ. ಕೊಡಗಿನವರಿಗೆ ಕೋವಿ ಹೊಸದಲ್ಲ. ಕೈಲ್ ಮುಹೂರ್ತದ ಹೊತ್ತಿಗೆ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಈಡು ಹೊಡೆಯುವುದನ್ನು ನೋಡುತ್ತಲೇ ಬೆಳೆದವನು ನಾನು. ಆ ಆಟದಲ್ಲಿ ಕಣ್ಣು, ಉಸಿರು, ಕೈ ಇಷ್ಟು ಸರಿ ಇದ್ದರೆ ಸಾಕು. ಇಲ್ಲಿ ಸಾವಿರ ಗಜದ ಆಟ ಹಿಡಿದ ಮೇಲೆ ಗೊತ್ತಾಗಿದ್ದು, ಕುದುರೆ (ಟ್ರಿಗರ್) ಎಳೆಯುವ ಮುಂಚೆಯೇ ಅರ್ಧ ಕೆಲಸ ಲೆಕ್ಕದಲ್ಲಿ ಮುಗಿದಿರಬೇಕು ಅಂತ.

ಎಷ್ಟು ಲೆಕ್ಕ ಅಂದರೆ, ನನ್ನ ರೈಫಲ್ 6.5 ಕ್ರೀಡ್‌ಮೂರ್ ಅನ್ನುವ ತೋಟೆಯದು, ನಳಿಗೆ 24 ಇಂಚು. ಹಾಕುವುದು ಹಾರ್ನಡಿ ಕಂಪನಿಯ 140 ಗ್ರೇನ್ ತೂಕದ ಇಎಲ್‌ಡಿ ಮ್ಯಾಚ್ ತೋಟೆ. ನೂರು ಗಜಕ್ಕೆ ಝೀರೋ ಮಾಡಿಟ್ಟು (ಅಂದರೆ ಗುರಿ ಇಟ್ಟಲ್ಲೇ ಗುಂಡು ಬೀಳುವ ಹಾಗೆ ಹೊಂದಿಸಿಟ್ಟು) ಸಾವಿರ ಗಜಕ್ಕೆ ಹಾಗೇ ಹೊಡೆದರೆ ಗುಂಡು ಇಲ್ಲಿನ ಗಾಳಿಯಲ್ಲಿ ಸುಮಾರು 24 ಅಡಿ ಕೆಳಗೆ ಬೀಳುತ್ತದೆ. ಎರಡು ಅಂತಸ್ತಿನ ಮನೆಯಷ್ಟು. ಅಷ್ಟನ್ನು ಸ್ಕೋಪಿನ, ಅಂದರೆ ರೈಫಲ್ ಮೇಲಿನ ಗುರಿ ದುರ್ಬೀನಿನ, ಗುಂಡಿ ತಿರುಗಿಸಿ ಮೊದಲೇ ಏರಿಸಿಕೊಳ್ಳಬೇಕು. ಏರಿಸುವ ಅಳತೆ ಮಿಲ್. ಒಂದು ಮಿಲ್ ಅಂದರೆ ದೂರದ ಸಾವಿರದಲ್ಲೊಂದು ಪಾಲು. ಸಾವಿರ ಗಜಕ್ಕೆ ಒಂದು ಗಜ, ಅಂದರೆ 36 ಇಂಚು. ಸ್ಕೋಪಿನ ಒಂದು ಕ್ಲಿಕ್ 0.1 ಮಿಲ್. ಎಷ್ಟು ಕ್ಲಿಕ್ ಅಂತ ಹೇಳುವುದೇ ಬ್ಯಾಲಿಸ್ಟಿಕ್ ಕ್ಯಾಲ್ಕುಲೇಟರ್‌ನ ಕೆಲಸ.

ಮೊದಲು ನನ್ನ ಹತ್ತಿರ ಇದ್ದದ್ದು ಫೋನಿನ ಒಂದು ಆಪ್. ಡೆನ್ವರ್‌ನಿಂದ ಪೂರ್ವಕ್ಕೆ, ಬಯಲು ಸೀಮೆಯಲ್ಲಿ ಪರಿಚಯದವರ ಜಮೀನಿದೆ. ಎತ್ತರ ಸುಮಾರು 5,400 ಅಡಿ. ಅಲ್ಲಿ ಸಾವಿರ ಗಜದಲ್ಲಿ ಎರಡು ಅಡಿ ಚೌಕದ ಉಕ್ಕಿನ ತಗಡು ನೇತುಹಾಕಿದ್ದೆವು. ಡಬ್ಬಿಯ ಮೇಲೆ ಬರೆದ ವೇಗ, ಸೆಕೆಂಡಿಗೆ 2,710 ಅಡಿ, ಅದನ್ನೇ ತುಂಬಿದೆ. ಗುಂಡಿನ ಬಿ.ಸಿ. (ಬ್ಯಾಲಿಸ್ಟಿಕ್ ಕೋಎಫಿಶಿಯೆಂಟ್, ಗುಂಡು ಗಾಳಿಯನ್ನು ಎಷ್ಟು ಚೆನ್ನಾಗಿ ಸೀಳುತ್ತದೆ ಅನ್ನುವ ಅಂಕಿ), ನಳಿಗೆಯಿಂದ ಸ್ಕೋಪಿನ ಎತ್ತರ ತುಂಬಿದೆ. ಉಷ್ಣಾಂಶ 60 ಡಿಗ್ರಿ ಫ್ಯಾರನ್‌ಹೀಟ್. ಗಾಳಿಯ ಒತ್ತಡವನ್ನು ಹವಾಮಾನದ ವರದಿಯಿಂದ ತೆಗೆದುಕೊಂಡೆ, 30.02 ಇಂಚು ಪಾದರಸ. ಆಪ್ 8.7 ಮಿಲ್ ಅಂದಿತು. ಏರಿಸಿದೆ. ಒಂದೂ ತಾಗಲಿಲ್ಲ. ಪಕ್ಕದಲ್ಲಿ ದುರ್ಬೀನು ಹಿಡಿದಿದ್ದ ಗೆಳೆಯ, "ಮೇಲೆ ಹೋಯ್ತು, ತುಂಬಾ ಮೇಲೆ" ಅಂದ. ಕೆಳಗಿಳಿಸುತ್ತಾ ಬಂದೆ. 7.9ಕ್ಕೆ ತಗಡಿನ ನಡುವೆ ಟಂಗ್ ಅಂದಿತು.

ಆಗ ಮಾಡಿದ ಕೆಲಸ ಇವತ್ತೂ ನೆನಪಿದೆ. ಆಪ್‌ನಲ್ಲಿ ಒಂದು ಸೌಲಭ್ಯ ಇರುತ್ತದೆ. ಗುಂಡು ನಿಜವಾಗಿ ಬಿದ್ದ ಜಾಗ ಹೇಳಿದರೆ ಅದಕ್ಕೆ ಹೊಂದುವ ಹಾಗೆ ಆಪ್ ತಾನೇ ವೇಗವನ್ನು ತಿದ್ದಿಕೊಡುತ್ತದೆ. ಇಲ್ಲಿನವರು ಅದಕ್ಕೆ ಟ್ರೂಯಿಂಗ್ ಅನ್ನುತ್ತಾರೆ. ನಾನು 7.9 ಅಂತ ಕೊಟ್ಟೆ. ವೇಗ 2,815 ಆಯಿತು. ಆಮೇಲೆ 600 ಗಜಕ್ಕೆ ಹೊಡೆದೆ, ತಾಗಿತು. 800ಕ್ಕೂ ತಾಗಿತು. ನಳಿಗೆ ಸ್ವಲ್ಪ ವೇಗದ್ದು ಇರಬೇಕು ಅಂದುಕೊಂಡು ಸುಮ್ಮನಾದೆ. ಇಡೀ ಬೇಸಿಗೆ ಚೆನ್ನಾಗಿಯೇ ನಡೆಯಿತು.

ಅಕ್ಟೋಬರ್‌ನಲ್ಲಿ ಟೆಕ್ಸಸ್‌ಗೆ ಹೋದೆ. ಅಲ್ಲಿ ನಮ್ಮ ಕಡೆಯವರೇ ಒಬ್ಬರು ಜಮೀನು ಇಟ್ಟಿದ್ದಾರೆ, ಎತ್ತರ 1,200 ಅಡಿ ಇರಬಹುದು. ಅದೇ ರೈಫಲ್, ಅದೇ ತೋಟೆ, ಹೆಚ್ಚು ಕಡಿಮೆ ಅದೇ ಉಷ್ಣಾಂಶ. ಆಪ್ ಮತ್ತೆ 7.9 ಅಂದಿತು. ಮೂರು ಗುಂಡೂ ತಗಡಿನ ಮುಂದೆ ಮಣ್ಣು ಎಬ್ಬಿಸಿದವು. ಅರ್ಧ ಮಿಲ್‌ಗಿಂತ ಜಾಸ್ತಿ ಕೆಳಗೆ. ಅಲ್ಲಿ ಕೊನೆಗೆ ತಾಗಿದ್ದು 8.5ಕ್ಕೆ. ಆರು ಕ್ಲಿಕ್ ವ್ಯತ್ಯಾಸ ಅಂದರೆ ಸಾವಿರ ಗಜದಲ್ಲಿ 21 ಇಂಚಿಗೂ ಮೇಲೆ. ಸ್ಕೋಪ್ ಅಲುಗಾಡಿದೆಯಾ ನೋಡಿದೆ. ಸ್ಕ್ರೂ ಬಿಗಿ ಇತ್ತು. ನೂರು ಗಜದ ಝೀರೋ ಕೂದಲೆಳೆಯಷ್ಟೂ ಜರುಗಿರಲಿಲ್ಲ.

ಆ ಸಂಜೆ ಅವರು ತಮ್ಮ ಕ್ರೋನೋಗ್ರಾಫ್ ಕೊಟ್ಟರು. ಗಾರ್ಮಿನ್ ಕ್ಸೀರೋ ಸಿ1 ಪ್ರೊ. ಅಂಗೈಯಷ್ಟು ದೊಡ್ಡ ರೇಡಾರ್. ನಳಿಗೆಯ ಪಕ್ಕದಲ್ಲಿ ಪುಟ್ಟ ಕಾಲಿನ ಮೇಲೆ ಇಟ್ಟರೆ ಪ್ರತಿ ಗುಂಡಿನ ವೇಗ ತೋರಿಸುತ್ತದೆ. ನಳಿಗೆಗೆ ಏನೂ ಕಟ್ಟಬೇಕಾಗಿಲ್ಲ. ಹದಿನೈದು ಗುಂಡು ಹೊಡೆದೆ. ಸರಾಸರಿ 2,712.

ಡಬ್ಬಿಯ ಮೇಲಿನ ಅಂಕಿ ಮೊದಲಿನಿಂದಲೂ ಸರಿಯೇ ಇತ್ತು! ಹಾಗಾದರೆ ನನ್ನ ಆಪ್‌ನಲ್ಲಿ ಕೂತಿದ್ದ ಆ 103 ಅಡಿ ಎಲ್ಲಿಂದ ಬಂತು?

ರಾತ್ರಿ ಕೂತು ಪ್ರತಿ ಅಂಕಿಯನ್ನೂ ಮತ್ತೆ ನೋಡಿದೆ. ಸಿಕ್ಕಿದ್ದು ಒತ್ತಡದಲ್ಲಿ. ಹವಾಮಾನ ವರದಿಯವರು ಕೊಡುವ ಒತ್ತಡ ನೀವು ನಿಂತ ಜಾಗದ್ದಲ್ಲ. ಎಲ್ಲ ಊರುಗಳನ್ನೂ ಒಂದೇ ನಕ್ಷೆಯಲ್ಲಿ ಹೋಲಿಸಬೇಕಲ್ಲ, ಅದಕ್ಕೆ ಅದನ್ನು ಸಮುದ್ರಮಟ್ಟಕ್ಕೆ ಇಳಿಸಿ ಹೇಳುತ್ತಾರೆ. ಹಾಗಾಗಿ ಅದು ಡೆನ್ವರ್‌ನಲ್ಲೂ 30ರ ಆಸುಪಾಸು, ಟೆಕ್ಸಸ್‌ನಲ್ಲೂ 30ರ ಆಸುಪಾಸು. ನಾನು ನಿಂತ 5,400 ಅಡಿಯಲ್ಲಿ ನಿಜವಾದ ಒತ್ತಡ ಸುಮಾರು 24.5. ಇದಕ್ಕೆ ಸ್ಟೇಷನ್ ಪ್ರೆಷರ್ ಅನ್ನುತ್ತಾರೆ. ಗುಂಡಿಗೆ ಬೇಕಾದದ್ದು ಇದೇ.

ನಿಜ ಹೇಳಬೇಕೆಂದರೆ ಈ ವಿಷಯ ನಮ್ಮ ಅಡುಗೆಮನೆಗೆ ಮೊದಲಿನಿಂದ ಗೊತ್ತಿತ್ತು. ಡೆನ್ವರ್‌ಗೆ ಬಂದ ಮೊದಲ ವಾರವೇ ನನ್ನ ಹೆಂಡತಿ, ಇಲ್ಲಿ ತೊಗರಿಬೇಳೆ ಕುಕ್ಕರ್ ಇಲ್ಲದೆ ಬೇಯುವುದಿಲ್ಲ ಅಂತ ಕಂಡುಕೊಂಡಿದ್ದಳು. ಈ ಎತ್ತರದಲ್ಲಿ ನೀರು 95 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುತ್ತದೆ. ಒತ್ತಡ ಕಮ್ಮಿ, ಗಾಳಿ ತೆಳು. ತೆಳು ಗಾಳಿ ಗುಂಡನ್ನು ಕಮ್ಮಿ ತಡೆಯುತ್ತದೆ. ನಾನು 30.02 ತುಂಬಿದಾಗ ಆಪ್ ನನ್ನನ್ನು ಸಮುದ್ರದ ದಡದಲ್ಲಿ ನಿಂತವನು ಅಂದುಕೊಂಡು 8.7 ಹೇಳಿತ್ತು. ಅದರ ಲೆಕ್ಕ ಸರಿ. ನಾನು ಹೇಳಿದ ಜಾಗ ತಪ್ಪು.

ನಾನು ಬರೆಯಲು ಕೂತದ್ದೇ ಇದಕ್ಕೆ. ಒಂದು ತಪ್ಪು ಅಂಕಿಯನ್ನು ಇನ್ನೊಂದು ಅಂಕಿ ತಿದ್ದಿ ಮುಚ್ಚಿದರೆ ಆ ಜಾಗದಲ್ಲಿ ಎಲ್ಲ ಸರಿ ಕಾಣುತ್ತದೆ. 600ಕ್ಕೆ ತಾಗುತ್ತದೆ, 800ಕ್ಕೆ ತಾಗುತ್ತದೆ, ಸಾವಿರಕ್ಕೂ ತಾಗುತ್ತದೆ. ಎತ್ತರ ಬದಲಾದ ದಿನ ಎರಡು ತಪ್ಪೂ ಒಟ್ಟಿಗೆ ಹೊರಗೆ ಬೀಳುತ್ತವೆ. ಅದಕ್ಕೇ ಟ್ರೂಯಿಂಗ್ ಕೊನೆಯ ಕೆಲಸ. ಅಳೆಯಬಹುದಾದ್ದನ್ನೆಲ್ಲ ಅಳೆದು ಮುಗಿಸಿದ ಮೇಲೆ, ಅಳೆಯಲಾಗದೆ ಉಳಿದ ಚೂರುಪಾರಿಗೆ ಮಾತ್ರ. ಈಗ ನನ್ನದೊಂದು ನಿಯಮ ಇದೆ. ಕ್ರೋನೋಗ್ರಾಫ್ ಹೇಳಿದ ವೇಗದಿಂದ 15 ಅಡಿಗಿಂತ ಜಾಸ್ತಿ ತಿದ್ದಬೇಕಾಗಿ ಬಂದರೆ ತಿದ್ದುವುದಿಲ್ಲ. ಮನೆಗೆ ಬಂದು ತಪ್ಪು ಹುಡುಕುತ್ತೇನೆ.

ಸರಿ, ಈಗ ಕೆಸ್ಟ್ರೆಲ್ ವಿಷಯ. ಟೆಕ್ಸಸ್‌ನಿಂದ ಬಂದ ಮೇಲೆ ಕೊಂಡೆ. ಬ್ಲೂಟೂತ್ ಇರುವ ಮಾದರಿ ಏಳುನೂರು ಡಾಲರ್ ದಾಟುತ್ತದೆ. ಪೆನ್ಸಿಲ್ವೇನಿಯಾದ ನೀಲ್ಸನ್ ಕೆಲರ್‌ಮನ್ ಕಂಪನಿಯದು. ನೋಡಲು ಹಳೆಯ ಕಾಲದ ದಪ್ಪ ಮೊಬೈಲ್ ಥರ. ತಲೆಯಲ್ಲಿ ಪುಟ್ಟ ಫ್ಯಾನ್, ಗಾಳಿಗೆ ತಿರುಗಿ ವೇಗ ಹೇಳುತ್ತದೆ. ಉಷ್ಣಾಂಶ, ತೇವಾಂಶ, ಸ್ಟೇಷನ್ ಪ್ರೆಷರ್ ಎಲ್ಲ ತಾನೇ ಅಳೆಯುತ್ತದೆ. ಒಳಗೆ ಅಪ್ಲೈಡ್ ಬ್ಯಾಲಿಸ್ಟಿಕ್ಸ್‌ನ ಲೆಕ್ಕ ಇದೆ, ಗುಂಡಿನ ಲೆಕ್ಕದ ತಜ್ಞ ಬ್ರಯನ್ ಲಿಟ್ಜ್ ಕಟ್ಟಿದ ಕಂಪನಿಯದು. ಅಂದರೆ ಅಳೆಯುವುದೂ ಅದೇ, ಲೆಕ್ಕ ಹಾಕುವುದೂ ಅದೇ. ನಡುವೆ ನಾನು ಒತ್ತಡದ ಅಂಕಿ ಬರೆದು ತುಂಬುವ ಕೆಲಸ ಇಲ್ಲ. ನನ್ನ ತಪ್ಪು ನಡೆದದ್ದೇ ಆ ತುಂಬುವ ಕಡೆ, ಅಲ್ವಾ? ನನಗೆ ಇದರ ಬೆಲೆ ಅಲ್ಲಿಗೇ ತೀರಿತು.

ಒಂದೇ ಒಂದು ಎಎ ಬ್ಯಾಟರಿ. ಕೊಲರಾಡೊ ಚಳಿಗೆ ಲಿಥಿಯಂದೇ ಹಾಕಿ. ಬ್ಯಾಟರಿ ಬದಲಿಸಿದಾಗಲೆಲ್ಲ ದಿಕ್ಸೂಚಿಯನ್ನು ಮತ್ತೆ ಹೊಂದಿಸಿಕೊಳ್ಳಬೇಕು. ಗಟ್ಟಿ ನೆಲದ ಮೇಲೆ ನೆಟ್ಟಗೆ ನಿಲ್ಲಿಸಿ ನಿಧಾನ ತಿರುಗಿಸಿದರೆ ಆಯಿತು. ನೀರಿಗೆ ಬಿದ್ದರೆ ತೇಲುತ್ತದೆ. ಫ್ಯಾನ್ ಹಾಳಾದರೆ ನಾವೇ ಬಿಚ್ಚಿ ಹೊಸದು ಹಾಕಬಹುದು. ಮೆನು ಕಲಿಯಲು ನನಗೆ ಎರಡು ವಾರಾಂತ್ಯ ಹಿಡಿಯಿತು. ರೈಫಲ್‌ನ ವಿವರ ತುಂಬುವುದನ್ನು ಫೋನಿನಿಂದ ಮಾಡಿ ಕಳಿಸುವುದೇ ಸುಲಭ.

ಉಷ್ಣಾಂಶದ ಬಗ್ಗೆ ಒಂದು ಮಾತು. ಇದನ್ನು ಜೇಬಿನಿಂದ ತೆಗೆದ ತಕ್ಷಣ ಓದಬೇಡಿ. ಮೈಯ ಬಿಸಿ ಅದರಲ್ಲಿ ಇರುತ್ತದೆ. ಬಿಸಿಲಲ್ಲಿ ಕಾರಿನ ಮೇಲೆ ಇಟ್ಟಿದ್ದರೂ ಅಷ್ಟೇ. ನೆರಳಿನಲ್ಲಿ, ಗಾಳಿ ಆಡುವ ಕಡೆ ಒಂದೆರಡು ನಿಮಿಷ ಬೀಸಿ, ಅಂಕಿ ಅಲುಗಾಡದೆ ನಿಂತ ಮೇಲೆ ನೋಡಿ. ಹತ್ತು ಡಿಗ್ರಿ ಫ್ಯಾರನ್‌ಹೀಟ್ ತಪ್ಪಿದರೆ ಸಾವಿರ ಗಜದಲ್ಲಿ ಎರಡೂವರೆ ಇಂಚು ಹೋಗುತ್ತದೆ. ದೊಡ್ಡದಲ್ಲ, ಆದರೆ ಸುಮ್ನೆ ಯಾಕೆ ಕಳೆದುಕೊಳ್ಳಬೇಕು? ನಾನು ಒಮ್ಮೆ ಅಳೆಸಿ, ಆಮೇಲೆ ಅಳತೆಯನ್ನು ನಿಲ್ಲಿಸಿಡುತ್ತೇನೆ. ಅದಕ್ಕೆ ಅದರಲ್ಲೇ ಆಯ್ಕೆ ಇದೆ. ಗಂಟೆಗೊಮ್ಮೆ ಮತ್ತೆ ಅಳೆಸಿದರೆ ಸಾಕು.

ನನಗೆ ತುಂಬಾ ಹಿಡಿಸಿದ್ದು ವೇಗ ಮತ್ತು ಉಷ್ಣಾಂಶದ ಪಟ್ಟಿ. ತೋಟೆಯ ಮದ್ದು ತಣ್ಣಗಿದ್ದರೆ ನಿಧಾನ ಉರಿಯುತ್ತದೆ, ಗುಂಡಿನ ವೇಗ ಇಳಿಯುತ್ತದೆ. ನನ್ನ ತೋಟೆ 70 ಡಿಗ್ರಿಯಲ್ಲಿ 2,712 ಇದ್ದದ್ದು ಜನವರಿಯ ಒಂದು ಬೆಳಿಗ್ಗೆ, 25 ಡಿಗ್ರಿಯಲ್ಲಿ, 2,681 ಬಂತು. 31 ಅಡಿ ವ್ಯತ್ಯಾಸ. ಇದು ಸಾವಿರ ಗಜದಲ್ಲಿ ಎರಡೂವರೆ ಕ್ಲಿಕ್. ಅದೇ ಹೊತ್ತಿಗೆ ಚಳಿಗೆ ಗಾಳಿಯೂ ದಟ್ಟವಾಗಿರುತ್ತದೆ, ಎರಡೂ ಸೇರಿ ಗುಂಡನ್ನು ಕೆಳಗೆ ಎಳೆಯುತ್ತವೆ. ಬೇರೆ ಬೇರೆ ಉಷ್ಣಾಂಶದಲ್ಲಿ ಅಳೆದ ವೇಗಗಳನ್ನು ಪಟ್ಟಿಗೆ ತುಂಬಿಟ್ಟರೆ ಆ ದಿನದ ವೇಗವನ್ನು ಕೆಸ್ಟ್ರೆಲ್ ತಾನೇ ಹಿಡಿಯುತ್ತದೆ. ಆದರೆ ಆ ವೇಗಗಳನ್ನು ನೀವೇ ಅಳೆದಿರಬೇಕು. ಬೇರೆಯವರ ಪಟ್ಟಿ ನಿಮ್ಮ ನಳಿಗೆಗೆ ಕೂಡುವುದಿಲ್ಲ. ಹೊಸ ನಳಿಗೆಯಾದರೆ ಮೊದಲ ನೂರು, ಇನ್ನೂರು ಗುಂಡಿನ ಒಳಗೆ ವೇಗ ಏರುವುದೂ ಇದೆ. ಅದು ನಿಲ್ಲುವವರೆಗೆ ಪಟ್ಟಿ ಬರೆಯಬೇಡಿ.

ಸ್ಕೋಪಿನ ಮಾತು ಕೆಸ್ಟ್ರೆಲ್‌ಗೆ ಸೇರಿದ್ದಲ್ಲ, ಆದರೂ ಹೇಳದೆ ಇರಲಾರೆ. 10 ಮಿಲ್ ಅಂತ ತಿರುಗಿಸಿದರೆ ಸ್ಕೋಪ್ ನಿಜವಾಗಿ 10 ಮಿಲ್ ಏರುತ್ತದಾ? ನೂರು ಗಜದಲ್ಲಿ, ದೂರವನ್ನು ಟೇಪ್‌ನಲ್ಲೇ ಅಳೆದು, ಎತ್ತರದ ಹಲಗೆ ನಿಲ್ಲಿಸಿದೆ. ತೂಗುಗುಂಡು ಬಿಟ್ಟು ನೆಟ್ಟಗೆ ಗೆರೆ ಎಳೆದೆ. ಕೆಳಗೆ ಐದು ಗುಂಡು. 10 ಮಿಲ್ ಏರಿಸಿ ಅದೇ ಚುಕ್ಕೆಗೆ ಗುರಿ ಹಿಡಿದು ಮತ್ತೆ ಐದು. ಎರಡು ಗುಂಪಿನ ನಡುವೆ 36 ಇಂಚು ಇರಬೇಕಿತ್ತು. ಇದ್ದದ್ದು 35.3. ಅಂದರೆ ನನ್ನ ಸ್ಕೋಪ್ ನೂರಕ್ಕೆ ಎರಡರಷ್ಟು ಕಮ್ಮಿ ಏರುತ್ತದೆ. ಸಾವಿರ ಗಜಕ್ಕೆ ಐದು ಇಂಚಿಗಿಂತ ಜಾಸ್ತಿ. ಅಪ್ಲೈಡ್ ಬ್ಯಾಲಿಸ್ಟಿಕ್ಸ್‌ನ ಲೆಕ್ಕದಲ್ಲಿ ಈ ಅನುಪಾತ ತುಂಬಲು ಜಾಗ ಇದೆ. ಅಲ್ಲಿಯವರೆಗೆ ಇದನ್ನೂ ನಾನು ವೇಗದ ತಲೆಗೇ ಕಟ್ಟುತ್ತಿದ್ದೆ. ಗುಂಪುಗಳು ಗೆರೆಯಿಂದ ಪಕ್ಕಕ್ಕೆ ಸರಿದಿದ್ದರೆ ಸ್ಕೋಪ್ ಓರೆ ಕೂತಿದೆ ಅಂತ. ನನ್ನದು ನೆಟ್ಟಗಿತ್ತು.

ಬಿ.ಸಿ.ಯ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಈ ಗುಂಡಿಗೆ ಹಾರ್ನಡಿ ಎರಡು ಅಂಕಿ ಕೊಡುತ್ತದೆ, ಎರಡು ಬೇರೆ ಆಕಾರದ ಮಾದರಿ ಗುಂಡುಗಳಿಗೆ ಹೋಲಿಸಿ. ಜಿ1 ಪ್ರಕಾರ 0.646, ಜಿ7 ಪ್ರಕಾರ 0.326. ಉದ್ದ ಮೂಗು, ಕಿರಿದಾದ ಬಾಲದ ಗುಂಡುಗಳಿಗೆ ಜಿ7 ಹೊಂದುತ್ತದೆ. ಜಿ7 ಆರಿಸಿ ಅಲ್ಲಿ 0.646 ತುಂಬಿದವರನ್ನು ಕಣ್ಣಾರೆ ಕಂಡಿದ್ದೇನೆ. ಕೆಸ್ಟ್ರೆಲ್‌ನಲ್ಲಿ ಅಪ್ಲೈಡ್ ಬ್ಯಾಲಿಸ್ಟಿಕ್ಸ್ ಅಳೆದಿಟ್ಟ, ಆಯಾ ಗುಂಡಿನದೇ ಆದ ಡ್ರ್ಯಾಗ್ (ಗಾಳಿಯ ತಡೆ) ಮಾದರಿಗಳು ಇವೆ. ನಿಮ್ಮ ಗುಂಡು ಆ ಪಟ್ಟಿಯಲ್ಲಿ ಇದ್ದರೆ ಅದನ್ನೇ ಆರಿಸಿ, ಬಿ.ಸಿ.ಯ ಗೊಡವೆಯೇ ಬೇಡ.

ಎಲ್ಲ ಅಳೆದು ಮುಗಿದ ಮೇಲೆ, ಹೋದ ಶರತ್ಕಾಲದಲ್ಲಿ, ನ್ಯೂ ಮೆಕ್ಸಿಕೊಗೆ ಹೋದೆ. ರಟೋನ್ ಊರಿನ ಹತ್ತಿರ ಅಮೆರಿಕದ ರೈಫಲ್ ಸಂಘ ಎನ್‌ಆರ್‌ಎ ಹೆಸರಿನ ಗುರಿ ಅಭ್ಯಾಸದ ಜಾಗ, ವಿಟಿಂಗ್ಟನ್ ಸೆಂಟರ್, ಇದೆ. 33,000 ಎಕರೆಯ ಜಾಗ. ಡೆನ್ವರ್‌ನಿಂದ ಐ-25 ಹೆದ್ದಾರಿಯಲ್ಲಿ ನೇರ ದಕ್ಷಿಣಕ್ಕೆ ಮೂರೂವರೆ ಗಂಟೆ, ಕೊನೆಗೆ ರಟೋನ್ ಕಣಿವೆಯ ಘಾಟಿ ಹತ್ತಿ ಇಳಿಯಬೇಕು. ಅಲ್ಲಿ ಗುಡ್ಡದ ಬದಿಗೆ ಉಕ್ಕಿನ ಬಿಳಿ ಕಾಡೆಮ್ಮೆ ನಿಲ್ಲಿಸಿದ್ದಾರೆ. ದೂರ 1,123 ಗಜ. ಬಂದವರೆಲ್ಲ ಅದಕ್ಕೊಂದು ಈಡು ಹೊಡೆದೇ ಹೋಗುವುದು.

ಬೆಳಿಗ್ಗೆ ಎಂಟು ಗಂಟೆ. ಕೆಸ್ಟ್ರೆಲ್ ಬೀಸಿದೆ. 48 ಡಿಗ್ರಿ, ಸ್ಟೇಷನ್ ಪ್ರೆಷರ್ 23.6. ಆ ಎತ್ತರದಲ್ಲಿ ನಾನು ಅಲ್ಲಿಯವರೆಗೆ ಒಂದು ಗುಂಡೂ ಹೊಡೆದಿರಲಿಲ್ಲ. ಲೆಕ್ಕ 9.5 ಮಿಲ್ ಅಂದಿತು. ಹಾಗೇ ಏರಿಸಿದೆ. ಗಾಳಿ ಎಡದಿಂದ ಮೆಲ್ಲಗೆ. ಉಸಿರು ಬಿಟ್ಟು ಕುದುರೆ ಎಳೆದೆ. ಗುಂಡು ಅಲ್ಲಿ ಮುಟ್ಟಲು 1.6 ಸೆಕೆಂಡು, ಸದ್ದು ವಾಪಸ್ ಬರಲು ಇನ್ನು ಮೂರು ಸೆಕೆಂಡು. ಆ ನಾಲ್ಕೂವರೆ ಸೆಕೆಂಡಿನಲ್ಲಿ ಮನಸ್ಸು ಎಲ್ಲೆಲ್ಲೋ ಹೋಗಿ ಬರುತ್ತದೆ. ಆಮೇಲೆ ದೂರದಿಂದ ಸಣ್ಣಗೆ ಟಂಗ್. ಕಾಡೆಮ್ಮೆಯ ಭುಜದ ಹಿಂದೆ, ನಾನು ಗುರಿ ಇಟ್ಟ ಎತ್ತರದಲ್ಲೇ. ಕಣ್ಣು ತುಂಬಿ ಬಂತು.

ಆ ದಿನ ಮೂವತ್ತು ಗುಂಡು ಹೊಡೆದೆ. ಎತ್ತರ ತಪ್ಪಿದ್ದು ಎರಡೇ. ಪಕ್ಕಕ್ಕೆ ತಪ್ಪಿದ್ದು ಹನ್ನೊಂದು. ಕ್ಯಾಲ್ಕುಲೇಟರ್ ಎಲ್ಲಿವರೆಗೆ ಕೈಹಿಡಿಯುತ್ತದೆ ಅನ್ನುವುದು ಈ ಎರಡು ಅಂಕಿಯಲ್ಲೇ ಇದೆ. ಕೆಸ್ಟ್ರೆಲ್ ಅಳೆಯುವ ಗಾಳಿ ನಾನು ನಿಂತ ಜಾಗದ್ದು. ಗುಂಡು ಹಾದು ಹೋಗುವ ಕಣಿವೆಯ ಗಾಳಿ ಬೇರೆ, ಕಾಡೆಮ್ಮೆ ನಿಂತ ಇಳಿಜಾರಿನದು ಇನ್ನೊಂದು. ಆ ದೂರದಲ್ಲಿ ಅಡ್ಡಗಾಳಿಯನ್ನು ಗಂಟೆಗೆ ಎರಡು ಮೈಲಿ ತಪ್ಪಾಗಿ ಅಂದಾಜು ಮಾಡಿದರೆ ಗುಂಡು ಒಂದು ಅಡಿಗೂ ಮೇಲೆ ಸರಿಯುತ್ತದೆ. ಗುಂಡು ತಿರುಗುವುದರಿಂದ ಬಲಕ್ಕೆ ಸರಿಯುವುದು 8-9 ಇಂಚು, ಭೂಮಿ ತಿರುಗುವುದರಿಂದ ಇನ್ನೊಂದು ಮೂರು ಇಂಚು. ಇವೆರಡನ್ನೂ ಯಂತ್ರ ಸರಿಯಾಗಿ ಕಳೆದುಕೊಡುತ್ತದೆ. ಹೊಡೆಯುವ ದಿಕ್ಕು, ಅಕ್ಷಾಂಶ ತುಂಬಿದ್ದರೆ ಸಾಕು. ಗಾಳಿಯನ್ನು ಮಾತ್ರ ಹುಲ್ಲು, ಧೂಳು, ಸ್ಕೋಪಿನಲ್ಲಿ ಕಾಣುವ ಬಿಸಿಲುಕುದುರೆ ನೋಡಿ ನಾವೇ ಓದಬೇಕು. ನಾನು ಇನ್ನೂ ಕಲಿಯುತ್ತಿದ್ದೇನೆ.

ಟ್ರೂಯಿಂಗ್ ಮಾಡಿದ್ದು ಆ ದಿನ ಸಂಜೆ. 2,712 ಇದ್ದದ್ದು 2,706 ಆಯಿತು. ಆರು ಅಡಿ. ಇದಕ್ಕೆ ಸರಿಯಾದ ದೂರ, ಗುಂಡಿನ ವೇಗ ಶಬ್ದದ ವೇಗದ 1.2 ಪಟ್ಟಿಗೆ ಇಳಿಯುವ ಜಾಗ. ನನ್ನ ರೈಫಲ್‌ಗೆ ಈ ಎತ್ತರಗಳಲ್ಲಿ ಅದು 1,400 ಗಜದ ಹತ್ತಿರ. ಅಷ್ಟು ದೂರ ಎಲ್ಲರಿಗೂ ಸಿಗುವುದಿಲ್ಲ. ಸಿಕ್ಕಷ್ಟು ದೂರದಲ್ಲಿ, ಗಾಳಿ ಕಮ್ಮಿ ಇರುವ ಬೆಳಿಗ್ಗೆಯೋ ಸಂಜೆಯೋ, ಕನಿಷ್ಠ ಐದು ಗುಂಡಿನ ಸರಾಸರಿ ಹಿಡಿದು ಮಾಡಿ. ಒಂದು ಗುಂಡು ನೋಡಿ ತಿದ್ದಬೇಡಿ.

ಯಾರು ಕೊಳ್ಳಬೇಕು? 600 ಗಜದ ಒಳಗೇ ಹೊಡೆಯುವವರಿಗೆ ಇದು ಬೇಡ. ಹಾರ್ನಡಿಯ 4DOF ಆಪ್ ಉಚಿತ, ರೇಡಾರ್‌ನಲ್ಲಿ ಅಳೆದ ಡ್ರ್ಯಾಗ್ ಬಳಸುತ್ತದೆ, ಅವರ ಗುಂಡಿಗೆ ಅದು ತುಂಬಾ ಚೆನ್ನಾಗಿದೆ. ಮನೆಯಲ್ಲಿ ಕೂತು ಪಟ್ಟಿ ಬರೆದುಕೊಳ್ಳಲು ಜೆಬಿಎಂ ಬ್ಯಾಲಿಸ್ಟಿಕ್ಸ್‌ನ ಜಾಲತಾಣ ಇದೆ, ಅದೂ ಉಚಿತ. ಅಲ್ಲಿ ಒತ್ತಡದ ಕೆಳಗೆ, ಅದು ಸಮುದ್ರಮಟ್ಟಕ್ಕೆ ಇಳಿಸಿದ್ದಾ ಅಂತ ಕೇಳುವ ಪುಟ್ಟ ಚೌಕ ಇದೆ. ಗುರುತು ಹಾಕುವ ಮುಂಚೆ ಯೋಚಿಸಿ. ಕೈಯಲ್ಲಿ ಆರುನೂರು, ಏಳುನೂರು ಡಾಲರ್ ಇದ್ದು ಒಂದೇ ವಸ್ತು ಕೊಳ್ಳಬಹುದು ಅಂದರೆ ಕ್ರೋನೋಗ್ರಾಫ್ ಕೊಳ್ಳಿ. ನಿಂತ ಜಾಗದ ಒತ್ತಡವನ್ನು ಎತ್ತರ ನೋಡಿಯೂ ಹತ್ತಿರ ಹತ್ತಿರ ಅಂದಾಜು ಮಾಡಬಹುದು, ವೇಗವನ್ನು ಅಂದಾಜು ಮಾಡಲಾಗದು. ಸಾವಿರ ಗಜ ದಾಟುವವರು, ಬೇರೆ ಬೇರೆ ಎತ್ತರದ ಊರುಗಳಿಗೆ ರೈಫಲ್ ಒಯ್ಯುವವರು, ಆಮೇಲೆ ಕೆಸ್ಟ್ರೆಲ್ ತೆಗೆದುಕೊಳ್ಳಲಿ.

ನನ್ನ ಪಟ್ಟಿಯಲ್ಲಿ ಇನ್ನೂ 90 ಡಿಗ್ರಿಯ ವೇಗ ಖಾಲಿ ಇದೆ. ಜುಲೈಯಲ್ಲಿ ಬಯಲಿಗೆ ಹೋಗಿ ಅಳೆಯಬೇಕು. ತೋಟೆಗಳನ್ನು ಒಂದು ಗಂಟೆ ನೆರಳಲ್ಲಿ ಇಟ್ಟು, ಆಮೇಲೆ.